ಗೂಬೆಗೊಂದು ಪೀಠ

ಮಸ್ಕಿ ಗುಡ್ಡದ ಬುಡದ ಹೊಲದಲ್ಲಿ ಅಂದು ಸಂಜೆ ತೀರ್ಮಾನವಾಗಬೇಕಿದ್ದ ವಿಷಯ ಸಣ್ಣದೇನಲ್ಲ: ಒಂದು ಒಣ ಹುಣಸೆ ಕೊಂಬೆ ನಿಲ್ಲಬೇಕೋ, ಒಲೆಗೆ ಹೋಗಬೇಕೋ. ವಾದಿ ಪ್ರತಿವಾದಿಗಳಿಬ್ಬರೂ ಹತ್ತಿಕಟ್ಟಿಗೆಯ ಬಣವೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ನ್ಯಾಯಾಧೀಶರು ಇನ್ನೂ ಬಂದಿರಲಿಲ್ಲ.

ಶಿವಕಾಂತ ಸಿಂಧನೂರಿನ ಮದುವೆ ಫೋಟೋಗ್ರಾಫರ್. ಆ ಸೀಮೆಯ ಅರ್ಧಕ್ಕರ್ಧ ಗಂಡಹೆಂಡಿರು ಗೋಡೆಗಳ ಮೇಲಿಂದ ಇಂದಿಗೂ ಅವನು ಹೇಳಿದ ಕಡೆಗೇ ನೋಡುತ್ತಿದ್ದಾರೆ. ಕೊಂಬಿನ ಗೂಬೆಯ ಹುಚ್ಚು ಅವನಿಗೆ ಹಿಡಿದು ಕೆಲವು ಚಳಿಗಾಲಗಳಾಗಿದ್ದವು. ಸಿಕ್ಕ ಫೋಟೋಗಳೆಲ್ಲ ಕರೆಂಟ್ ಕಂಬದ ಮೇಲಿನವು. ಅವುಗಳಲ್ಲಿ ಗೂಬೆ ಲೈನ್‌ಮನ್ನನಂತೆ ಕಾಣುತ್ತಿತ್ತು. ಅಂಥ ಮಹಾನುಭಾವನಿಗೆ ತಕ್ಕ ಪೀಠ ಬೇಕೆಂದು ಅವನು ಲಿಂಗಸುಗೂರು ರಸ್ತೆಬದಿಯಲ್ಲಿ ಬಿದ್ದ ಮರಗಳನ್ನೆಲ್ಲ ವರನ ಕುರ್ಚಿ ಆರಿಸುವವನಂತೆ ಸುತ್ತಿ ನೋಡಿದ್ದ. ತೊಗಟೆ ಉದುರದ, ಉಗುರಿಗೆ ಹಿಡಿತ ಸಿಗುವ, ತುದಿಯಲ್ಲಿ ತುಸು ಬಾಗಿದ ಹುಣಸೆ ಕೊಂಬೆಯೊಂದನ್ನು ತಂದು, ಗೂಬೆ ಗುಡ್ಡ ಇಳಿಯುವ ದಾರಿಗೆ ಸರಿಯಾಗಿ ಹೊಲದೊಡತಿ ಯಮನೂರಮ್ಮನ ಬದುವಿನ ಮೇಲೆ ನೆಟ್ಟಿದ್ದ. ಅಂದಿನಿಂದ ಕಾಗೆ, ಕಾಜಾಣ, ಒಮ್ಮೆ ಒಂದು ಓತಿಕ್ಯಾತ ಅದರ ಮೇಲೆ ಕೂತು ಹೋಗಿದ್ದವು.

"ಇವತ್ತೊಂದು ದಿನ ಬಿಡ್ತೀನಿ ತಮ್ಮಾ," ಎಂದಳು ಯಮನೂರಮ್ಮ, ಕೊಡಲಿಯನ್ನು ಮಗ್ಗುಲಿಗೆ ಎಳೆದುಕೊಂಡು. "ಮನ್ಯಾಗ ಮಗಳು ತುಂಬಿದ ಬಸುರಿ. ಸಂಗಮ್ಮ ಓಣಿ ತುಂಬ ಹೇಳ್ಕೊಂತ ಹೊಂಟಾಳ, ಹಡಿಯೋ ಹೆಣ್ಣಿನ ಮನಿಯವ್ರ ಹೊಲದಾಗ ಗೂಗಿಗೆ ಕುರ್ಚಿ ಹಾಕ್ಯಾರಂತ."

"ಗೂಗಿ ಇಲಿ ತಿಂತೈತಿ ಯಕ್ಕಾ. ಸಂಗಮ್ಮನ್ನ ತಿನ್ನಂಗಿಲ್ಲ."

"ತಿಂದ್ರ ಚೊಲೋ ಇತ್ತು. ಆದ್ರ ಮಹೇಶ್ವರಿ ರಾತ್ರೆಲ್ಲ ನಿದ್ದಿ ಮಾಡವಲ್ಲಳು. ಮೊದಲ್ನೇ ಹೆರಿಗಿ. ಮ್ಯಾಲ, ಬಾಣಂತಿ ನೀರು ಕಾಸಾಕ ಹುಣಸಿ ಕಟಗಿನ ಬೇಕು. ಈ ಹತ್ತಿಕಟಗಿ ಬುರ್ ಅಂತ ಉರದು ಹೋಗ್ತಾವ."

"ನಿಮ್ಮ ಮಗಳ ಮದಿವಿ ಫೋಟೋ ನಾನ ತಗದೀನಿ, ಆ ನೆನಪಿಗರ..."

"ನೆನಪೈತಿ. ಎಲ್ಲಾದ್ರಾಗೂ ನನ್ನ ಕಣ್ಣು ಮುಚ್ಯಾವ."

ಹೊತ್ತು ಮುಳುಗುತ್ತಿತ್ತು. ಗುಡ್ಡದ ಬಂಡೆಗಳು ಕೆಂಪಾಗಿ, ಆಮೇಲೆ ಕಪ್ಪಾಗತೊಡಗಿದವು. ಎಲ್ಲೋ ಸಂದಿಯೊಳಗಿಂದ ಒಂದು ದಪ್ಪ ದನಿ, ಖಾಲಿ ಕೊಡದಲ್ಲಿ ಊದಿದಂತೆ, ಎರಡು ಸಲ ಬಂತು. ಯಮನೂರಮ್ಮನ ಕೈ ಕೊಡಲಿಯ ಕಾವು ಹಿಡಿಯಿತು.

ಬಂಡೆಯೊಂದು ಕಳಚಿ ಕೆಳಗೆ ಬೀಳದೆ ಗಾಳಿಯಲ್ಲಿ ತೇಲಿ ಬಂತು. ಸದ್ದಿಲ್ಲ. ಕೊಂಬೆ ಒಮ್ಮೆ ತೂಗಿ ನಿಂತಿತು. ಅದರ ಮೇಲೆ, ಕೂಸಿನಷ್ಟು ಎತ್ತರ, ಗೂಬೆ. ಬೆನ್ನು ಇವರ ಕಡೆಗೆ.

ಬೆಳಕು, ಬಾಗು, ಹಿಂದಿನ ಗುಡ್ಡ, ಎಲ್ಲವನ್ನೂ ಲೆಕ್ಕ ಹಾಕಿದ್ದ ಶಿವಕಾಂತ ಇದೊಂದನ್ನು ಮರೆತಿದ್ದ. ಆಗ ಇಪ್ಪತ್ತು ವರ್ಷ ಪೆಂಡಾಲುಗಳಲ್ಲಿ ಪಳಗಿದ ಅವನ ಬಾಯಿ ಅವನನ್ನು ಕೇಳದೆಯೇ ಮೆಲ್ಲಗೆ ಹೇಳಿಬಿಟ್ಟಿತು:

"ಸ್ವಲ್ಪ ಇತ್ತಾಗ ನೋಡ್ರಿ, ಯಜಮಾನ್ರ."

ಮೈ ಅಲುಗಲಿಲ್ಲ. ಬೆನ್ನು ಬೆನ್ನಾಗಿಯೇ ಇತ್ತು. ತಲೆ ಮಾತ್ರ ತಿರುಗತೊಡಗಿತು. ಯಾವ ತಲೆಯಾದರೂ ನಿಲ್ಲಲೇಬೇಕಾದ ಜಾಗ ದಾಟಿಯೂ ತಿರುಗಿ, ಬೆನ್ನಿನ ನಟ್ಟನಡುವೆ ಬಂದು ನಿಂತಿತು. ಎರಡು ಕೊಂಬು, ಅವುಗಳ ಕೆಳಗೆ ಕುದಿಯುವ ಬೆಲ್ಲದ ಬಣ್ಣದ ಎರಡು ಕಣ್ಣು. ಅವು ಹೊಲ, ಬಣವೆ, ಕೊಡಲಿ, ಇಬ್ಬರು ಮನುಷ್ಯರನ್ನು ಒಂದೇ ಸಲಕ್ಕೆ ನೋಡಿದವು. ಯಾವುದಕ್ಕೂ ಹೆಚ್ಚಿನ ಬೆಲೆ ಕೊಟ್ಟಂತೆ ಕಾಣಲಿಲ್ಲ.

ಮಾವ ಅಂಗಳಕ್ಕೆ ಬಂದಾಗ ಮಾಡುತ್ತಿದ್ದಂತೆ ಯಮನೂರಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಶಿವಕಾಂತ ಕ್ಯಾಮೆರಾದ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದ. ಆ ಸದ್ದು ದೇವರ ಮುಂದೆ ಸೀನಿದಂತೆ ಕೇಳಿಸಿ, ನಾಚಿ ಬೆರಳು ತೆಗೆದ. ಗೂಬೆ ರೆಕ್ಕೆ ಬಿಚ್ಚಿ ಅವರ ತಲೆಯ ಮೇಲಿಂದಲೇ ಜೋಳದ ಹೊಲದತ್ತ ಜಾರಿತು. ಅವನ ಕೂದಲು ಅಲುಗಿತು, ಸದ್ದಿಲ್ಲ.

ಯಮನೂರಮ್ಮ ಕೊಡಲಿಯನ್ನು ನೆಲಕ್ಕಿಟ್ಟಳು.

"ಕಣ್ಣು ಮುಚ್ಚಿಲ್ಲಲ?" ಎಂದಳು.

ಅವನು ಕ್ಯಾಮೆರಾ ತಿರುಗಿಸಿ ತೋರಿಸಿದ. ಅವಳು ಮುಖ ಹತ್ತಿರ ತಂದು ನೋಡಿದಳು. ಸೆರಗು ಇನ್ನೂ ತಲೆಯ ಮೇಲೇ ಇತ್ತು.

"ನನಗೂ ಒಂದು ಕೊಡು. ಮಹೇಶ್ವರಿಗೆ ತೋರಸ್ತೀನಿ."

"ಹೆದರಿದ್ರ?"

"ಹೆದರ್ಲಿ. ನಾನೂ ಹೆದರೀನಿ."

ಕೊಡಲಿ ಹೆಗಲಿಗೇರಿಸಿ ಹೊರಟಳು. ಕೊಂಬೆಯ ಹತ್ತಿರ ಬಂದಾಗ ಬದುವಿನಿಂದ ಇಳಿದು, ಬಳಸಿಕೊಂಡು ಹೋದಳು.

ಶುಕ್ರವಾರ ಮಹೇಶ್ವರಿ ಹೆಣ್ಣು ಹಡೆದಳು. ಬಾಣಂತಿಯ ನೀರು ಬಣವೆಯ ಹತ್ತಿಕಟ್ಟಿಗೆಯಲ್ಲೇ ಕಾಯಿತು. ಕಾಯಲು ಬಹಳ ಹೊತ್ತು ಹಿಡಿಯಿತು.