ಪರೀಕ್ಷೆಗೆಂದು ಕಾಪಾಡಿದ ಹುಳುಕು

೧. ಎಲ್ಲಿಂದ ಶುರು ಮಾಡಲಿ? ಹಲ್ಲಿನಿಂದಲೋ, ಹಲ್ಲಿನ ಒಡೆಯನಿಂದಲೋ? ಮೊದಲ ಕರಡಿನಲ್ಲಿ ನಮ್ಮೂರು ಅರೆಕಿಪಾದ ಬೆಳಗು, ಹಿಮದ ಬೆಟ್ಟ ಎಂದೆಲ್ಲ ಬರೆದಿದ್ದೆ. ಹರಿದು ಹಾಕಿದೆ. (ಬೆಟ್ಟಕ್ಕೇನು ಹಲ್ಲುನೋವೇ?)

೨. ಮಾರ್ಲೆನಿ ದಂತವೈದ್ಯಕೀಯದ ಕೊನೆಯ ವರ್ಷದ ಹುಡುಗಿ. ನಮ್ಮಲ್ಲಿ ಪರೀಕ್ಷೆಗೆ ರೋಗಿಯನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ಹಲ್ಲು ಹುಳುಕಾಗಿರಬೇಕು, ಆದರೆ ನೋಯಬಾರದು. ನೋವಿದ್ದರೆ ರೋಗಿ ವಾಪಸ್, ಅವಳು ನಪಾಸು, ಮತ್ತೊಂದು ವರ್ಷ ಅದೇ ಬೆಂಚು. ಅಂಥ ಹಲ್ಲು ಏಪ್ರಿಲ್‌ನಲ್ಲೇ ಸಿಕ್ಕಿತು, ಎದುರು ಕೋಣೆಯಲ್ಲಿ ಬಾಡಿಗೆಗಿರುವ, ಕಾನೂನು ಓದುವ ರೊಮ್ಮೆಲ್‌ನ ಬಾಯಲ್ಲಿ. ಪರೀಕ್ಷೆ ಜುಲೈಯಲ್ಲಿ.

“ಅಲ್ಲೀವರೆಗೂ ಯಾವ ಡಾಕ್ಟರ್ ಮುಂದೇನೂ ಬಾಯಿ ತೆಗೀಬೇಡ ಕಣೋ.”

“ಹುಟ್ಟಿದಾಗಿಂದ ತೆಗೆದಿಲ್ಲ ಮಾರಾಯ್ತಿ. ಮುಂದಿನ ನಾಲ್ಕು ಬೆಳ್ಳಗಿದ್ರೆ ಫೋಟೋಗೆ ಸಾಕು. ಹಿಂದಿನವನ್ನ ಯಾರು ನೋಡ್ತಾರೆ?”

“ನಾನು!”

೩. (ಪ್ರೇಮಕಥೆಯೆಂದು ಆಸೆಪಟ್ಟಿರಾ? ಅಲ್ಲ.) ಊಟ ಕೊಡಿಸಿ ರೋಗಿಯನ್ನು ಹಾರಿಸಿಕೊಂಡು ಹೋಗುವ ಸಹಪಾಠಿಗಳಿದ್ದಾರೆ. ಅದಕ್ಕೇ ಅವಳು ದಿನಾ ಮಧ್ಯಾಹ್ನ ಅವನಿಗೆ ತಾನೇ ಊಟ ಹಾಕಿದಳು. ಮೂರು ತಿಂಗಳು ಆ ಹುಳುಕಿಗೆ ಕಾವಲು ಕೂತಳು.

೪. ಇಲ್ಲಿ ರೊಮ್ಮೆಲ್ ಕೆನ್ನೆ ಹಿಡಿದುಕೊಂಡು ಕಥೆಯಿಂದ ಹೊರಗೆ ಬಂದ.

“ಏನಮ್ಮಾ, ಮೊನ್ನೆಯಿಂದ ನೋವು ಕೊಡ್ತಿರೋದು ನೀವೇ ತಾನೆ?”

“ನಾನಲ್ಲಪ್ಪ. ಮೂರು ತಿಂಗಳು ಸುಮ್ಮನಿದ್ದೆಯಲ್ಲ, ಅದು.”

“ಅಳಿಸಿ ಮತ್ತೆ.”

ಅಳಿಸಿದೆ. ಹಾಳೆಯಿಂದ ಹೋಯಿತು. ದವಡೆಯಿಂದ ಹೋಗಲಿಲ್ಲ.

೫. ಪರೀಕ್ಷೆಯ ಕುರ್ಚಿ. ಮಾರ್ಲೆನಿಯ ಕೈಯಲ್ಲಿ ಫಾರಂ: ನೋವಿದೆಯೇ? ಹೌದು, ಇಲ್ಲ.

ಅಂತ್ಯ ಒಂದು: ‘ಇಲ್ಲ’. ಹುಳುಕು ತುಂಬಿ ಅವಳು ಪಾಸು; ಒಳಗೇ ಕೊಳೆತ ಅವನ ಹಲ್ಲನ್ನು ಆಗಸ್ಟ್‌ನಲ್ಲಿ ಕೀಳುತ್ತಾರೆ.

ಅಂತ್ಯ ಎರಡು: ‘ಹೌದು’. ನೋವಿಗೆ ಸರಿಯಾದ ಚಿಕಿತ್ಸೆ ಸಿಕ್ಕಿ ಹಲ್ಲು ಉಳಿಯುತ್ತದೆ, ಅವಳ ವರ್ಷ ಹೋಗುತ್ತದೆ.

ಅಂತ್ಯ ಮೂರು: ಪರೀಕ್ಷಕರ ಮನಸ್ಸು ಕರಗಿ ಇಬ್ಬರೂ ಉಳಿಯುತ್ತಾರೆ. (ಇದು ನನ್ನೊಳಗಿನ, ಮಕ್ಕಳನ್ನು ಹೆತ್ತವಳು ಬರೆದದ್ದು. ಹೊಡೆದು ಹಾಕಿದೆ.)

“ಇಲ್ಲ ಅಂತ ಹಾಕೇ,” ಎಂದ ರೊಮ್ಮೆಲ್. “ಒಂದು ಹೋದ್ರೆ ಏನು, ಬಾಯಿ ತುಂಬ ಇದಾವೆ.”

ಪರೀಕ್ಷಕರು ಪಕ್ಕದ ಕುರ್ಚಿ ಮುಗಿಸಿ ಇತ್ತ ತಿರುಗಿದರು. ಮಾರ್ಲೆನಿ ಫಾರಂ ಮಗುಚಿಟ್ಟಳು.

“ನನ್ನ ವಿಷಯ ಬಿಡು. ನೋಯ್ತಿದೆಯೇನೋ?”

ಮೂರು ತಿಂಗಳಲ್ಲಿ ಅವಳು ಇದನ್ನು ಕೇಳಿದ್ದು ಇದೇ ಮೊದಲು. ರೊಮ್ಮೆಲ್ ಬಾಯಿ ಮುಚ್ಚಿಕೊಂಡು ನನ್ನತ್ತ ನೋಡಿದ.

ನನ್ನನ್ನೇನು ನೋಡುತ್ತೀಯ? ಅವಳು ಕೇಳಿದ್ದು ನಿನ್ನನ್ನು.