ನೋವಾಗದ ಜಾಗ

ಟೈಲರಮ್ಮನ ಕೈ ಹಗುರ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹರಿದ ಬಟ್ಟೆಗೆ ಅವಳು ಹಾಕಿದ ಹೊಲಿಗೆಯನ್ನು ಹುಡುಕಿಯೇ ನೋಡಬೇಕಿತ್ತು. ಡಾಕ್ಟರು ಗಂಡನಿಗೆ ಇನ್ಸುಲಿನ್ ಬರೆದ ದಿನ ಆತ ಮುಖ ಕಿವುಚಿಕೊಂಡು, "ಮಾತ್ರೆ ಎಷ್ಟು ಬೇಕಾದ್ರೂ ನುಂಗ್ತೀನಿ, ಚುಚ್ಕೊಳ್ಳೋದು ಮಾತ್ರ ನನ್ನ ಕೈಲಾಗಲ್ಲ" ಎಂದು ಕೂತುಬಿಟ್ಟಿದ್ದ. "ಸೂಜಿ ವಿಷಯ ನನಗೆ ಬಿಡಿ" ಎಂದಳು ಟೈಲರಮ್ಮ. ಅಂದಿನಿಂದ ತಿಂಡಿಗೆ ಮುಂಚೆ ಒಮ್ಮೆ, ರಾತ್ರಿಯ ಊಟಕ್ಕೆ ಮುಂಚೆ ಒಮ್ಮೆ ಚುಚ್ಚುವುದು ಅವಳ ಕೆಲಸವಾಯಿತು. ಆತ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಲ್ಲುತ್ತಿದ್ದ. "ಆಯ್ತು ಕಣ್ಬಿಡಿ" ಎಂದು ಅವಳು ಹೇಳಿದ ಮೇಲೆಯೇ ಆಗಿಹೋದದ್ದು ಅವನಿಗೆ ಗೊತ್ತಾಗುತ್ತಿತ್ತು.

ಆತ ಶಾಲೆಯ ವ್ಯಾನು ಓಡಿಸುವವನು. ಮಕ್ಕಳು ವ್ಯಾನ್ ಮಾಮ ಎನ್ನುತ್ತಿದ್ದರು; ಅವರ ಬಾಯಿಂದ ಕಲಿತು ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಬೀದಿಯ ತಿರುವಿನಲ್ಲಿದ್ದ ಔಷಧಿ ಅಂಗಡಿಯ ಒಡತಿಗೆ ಮೆಡಿಕಲ್ ಅಕ್ಕ ಎಂದು ಹೆಸರು. ಫಾರ್ಮಸಿ ಓದಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಕೊನೆಗೆ ಸ್ವಂತ ಅಂಗಡಿ ಹಾಕಿದವಳು. ಔಷಧಿಯ ಜೊತೆಗೆ ಪ್ರಶ್ನೆಗಳನ್ನೂ ಪೊಟ್ಟಣ ಕಟ್ಟಿ ಕೊಡುವುದು ಅವಳ ಅಭ್ಯಾಸ. "ಮಾತ್ರೆ ಕೊಡಮ್ಮ ಅಂದ್ರೆ ಇವಳು ಜಾತಕ ಕೇಳ್ತಾಳೆ" ಎಂದು ಗೊಣಗುವವರೂ ಇದ್ದರು. ಆದರೂ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ.

ಒಂದು ದಿನ ಟೈಲರಮ್ಮ ಹೊಸ ಚೀಟಿ ಹಿಡಿದು ಬಂದಳು. ಮೆಡಿಕಲ್ ಅಕ್ಕ ಅದನ್ನು ಓದಿ ಹುಬ್ಬು ಗಂಟಿಕ್ಕಿದಳು.

"ಮತ್ತೆ ಜಾಸ್ತಿ ಮಾಡಿದ್ದಾರಾ ಅಕ್ಕ? ಈಚೆಗೆ ಮಾಡಿದ್ರಲ್ಲ?"

"ಏನು ಮಾಡೋದು ತಂಗಿ, ಶುಗರ್ ಇಳೀತಾನೇ ಇಲ್ಲ. ಬಾಯಿ ಕಟ್ಟಿದ್ದಾರೆ, ನಡೀತಾರೆ, ಸಿಹಿ ಅಂದ್ರೆ ಮುಖ ತಿರುಗಿಸ್ತಾರೆ. ಡಾಕ್ಟ್ರು ನಂಬಲ್ಲ, ಕದ್ದು ತಿಂತೀರಾ ಅಂತಾರೆ. ಇವರೋ, ಕೇಳಿ ಕೇಳಿ ಸೊರಗಿಹೋಗಿದ್ದಾರೆ."

"ಎಲ್ಲಿ ಚುಚ್ತೀರಿ?"

"ಹೊಟ್ಟೆಗೇ" ಎಂದಳು ಟೈಲರಮ್ಮ. ಆಮೇಲೆ ತುಸು ಹೆಮ್ಮೆಯಿಂದ, "ಹೊಕ್ಕುಳ ಪಕ್ಕ ಒಂದು ಜಾಗ ಕಂಡುಹಿಡಿದಿದೀನಿ. ಅಲ್ಲಿ ಚುಚ್ಚಿದ್ರೆ ಅವರಿಗೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ. ಬೇರೆ ಕಡೆ ಮುಟ್ಟೋದೇ ಇಲ್ಲ ನಾನು" ಎಂದಳು.

ಮೆಡಿಕಲ್ ಅಕ್ಕನ ಕೈ ಕಪಾಟಿನ ಬಾಗಿಲ ಮೇಲೇ ನಿಂತಿತು. "ಮಧ್ಯಾಹ್ನ ಮಾಮನ್ನ ಕರ್ಕೊಂಡು ಬನ್ನಿ ಅಕ್ಕ. ಅಂಗಡಿ ಖಾಲಿ ಇರುತ್ತೆ" ಎಂದಳು.

ಮಧ್ಯಾಹ್ನ ಗಂಡಹೆಂಡತಿ ಬಂದರು. ಕಪಾಟುಗಳ ಹಿಂದೆ, ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲಿಗಷ್ಟೇ ಜಾಗವಿತ್ತು. ಅಲ್ಲಿ ಕೂತು ವ್ಯಾನ್ ಮಾಮ ಸಂಕೋಚದಿಂದ ಅಂಗಿ ಎತ್ತಿದ. ನೋಡಿದರೆ ಹೆಚ್ಚೇನೂ ಕಾಣಲಿಲ್ಲ. ಬೆರಳಿಂದ ಸವರಿದಾಗ ಹೊಕ್ಕುಳ ಬಲಗಡೆ ಚರ್ಮದಡಿ ನಿಂಬೆಹಣ್ಣಿನಷ್ಟು ಉಬ್ಬು, ರಬ್ಬರಿನ ಹಾಗೆ, ಸಿಕ್ಕಿತು.

"ಇಲ್ಲಿ ಮುಟ್ಟಿ ಅಕ್ಕ. ಈಗ ಆ ಕಡೆ ಮುಟ್ಟಿ. ವ್ಯತ್ಯಾಸ ಗೊತ್ತಾಯ್ತಾ?"

ಟೈಲರಮ್ಮ ಎರಡೂ ಕಡೆ ಮುಟ್ಟಿದಳು. ಬಟ್ಟೆಯ ಮೇಲೆ ಎಳೆಯೆಳೆಯನ್ನೂ ಗುರುತಿಸುವ ಬೆರಳುಗಳು. ಅವಳ ಮುಖ ಸಪ್ಪಗಾಯಿತು.

"ಒಂದೇ ಕಡೆ ಚುಚ್ಚಿ ಚುಚ್ಚಿ ಕೊಬ್ಬು ಹೀಗೆ ಗಟ್ಟಿಯಾಗುತ್ತೆ" ಎಂದಳು ಮೆಡಿಕಲ್ ಅಕ್ಕ ಮೆಲ್ಲಗೆ. "ಇಲ್ಲಿ ನೋವೂ ಕಡಿಮೆ, ಅದಕ್ಕೇ ಎಲ್ಲರೂ ಇಲ್ಲೇ ಚುಚ್ತಾರೆ. ಆದ್ರೆ ಇದರೊಳಗೆ ಹೋದ ಔಷಧಿ ಸರಿಯಾಗಿ ರಕ್ತಕ್ಕೆ ಸೇರಲ್ಲ."

"ಅಂದ್ರೆ ನಾನು ಹಾಕಿದ್ದೆಲ್ಲ..."

"ದಂಡ ಅಂತಲ್ಲ ಅಕ್ಕ. ಪೂರ್ತಿ ಕೆಲಸ ಮಾಡಿಲ್ಲ ಅಷ್ಟೆ. ಆದ್ರೆ ಒಂದು ಮಾತು, ಈಗಲೇ ಜಾಗ ಬದಲಾಯಿಸ್ಬೇಡಿ. ಹೊಸ ಜಾಗಕ್ಕೆ ಇಷ್ಟೇ ಡೋಸ್ ಹಾಕಿದ್ರೆ ಎಲ್ಲಾ ಒಳಗೆ ಹೋಗಿ ಶುಗರ್ ಧಡಕ್ಕಂತ ಇಳಿದುಬಿಡಬಹುದು. ಮಾಮ ಗಾಡಿ ಓಡಿಸೋರು. ಡಾಕ್ಟ್ರು ಇವತ್ತು ಊರಲ್ಲಿಲ್ಲ, ನಾಳೆ ಬರ್ತಾರೆ. ನಾನೇ ಮಾತಾಡ್ತೀನಿ. ಅವರು ಡೋಸ್ ಕಮ್ಮಿ ಮಾಡಿದ ಮೇಲೆ ಬದಲಾಯಿಸೋಣ."

ಟೈಲರಮ್ಮ ತಲೆಯಾಡಿಸಿದಳು. ಆದರೆ ಅವಳ ಕಿವಿಗೆ ಬಿದ್ದದ್ದು ಅರ್ಧ ಮಾತು. ಉಳಿದರ್ಧ ಹೇಳುವಾಗ ಅವಳ ಮನಸ್ಸು ಆ ಉಬ್ಬಿನ ಹತ್ತಿರವೇ ಇತ್ತು. ಮನೆಗೆ ಹೋದ ಮೇಲೂ ಅದೇ. ಹೊಲಿಗೆ ಯಂತ್ರದ ಮುಂದೆ ಕೂತವಳು ಪೆಡಲನ್ನೇ ಒತ್ತಲಿಲ್ಲ. ಕದ್ದು ತಿಂತೀರಾ ಎಂದು ಡಾಕ್ಟರು ಗದರಿದಾಗ ತಾನೂ ಒಮ್ಮೆ ಗಂಡನ ಅಂಗಿಯ ಜೇಬು ತಡಕಿದ್ದು ನೆನಪಾಯಿತು. ಆತ ಅದನ್ನು ನೋಡಿಯೂ ನೋಡದವನಂತೆ ಇದ್ದ.

ಮರುದಿನ ಬೆಳಿಗ್ಗೆ, ಆ ಉಬ್ಬಿಗೆ ಸೂಜಿ ತಾಗಿಸಲು ಅವಳ ಕೈ ಏಳಲೇ ಇಲ್ಲ. ಎಡಗಡೆಗೆ ಸರಿದು ಚುಚ್ಚಿದಳು. ಆತ "ಹ್ಞಾ!" ಎಂದು ಬೆಚ್ಚಿದ.

"ನೋವಾಯ್ತಾ?"

"ಇಲ್ಲ ಬಿಡು" ಎಂದ ಆತ. ಹೊತ್ತಾಗಿತ್ತು. ತಿಂಡಿಯನ್ನು ಅರ್ಧ ತಿಂದು ಎದ್ದು ಹೋದ.

ಮೆಡಿಕಲ್ ಅಕ್ಕ ಬಾಗಿಲು ತೆರೆದು ನೆಲ ಗುಡಿಸುತ್ತಿದ್ದಾಗ ಹಳದಿ ವ್ಯಾನು ಅಂಗಡಿಯ ಮುಂದೆ ವಾರೆಯಾಗಿ ನಿಂತಿತು. ಹಾರ್ನ್ ಇಲ್ಲ. ವ್ಯಾನ್ ಮಾಮ ಕೆಳಗಿಳಿದು ಬಾಗಿಲು ಹಿಡಿದುಕೊಂಡೇ ನಿಂತ. ಅಂಗಿ ಬೆವರಲ್ಲಿ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು.

"ಏನೋ... ಕಣ್ಣು ಮಂಜಾಗ್ತಿದೆ ಕಣಮ್ಮ" ಎಂದ. ಮಾತು ತೊದಲುತ್ತಿತ್ತು.

ಅವಳು ಪೊರಕೆ ಬಿಸಾಕಿ ಓಡಿದಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಬೆರಳಿಗೆ ಚುಚ್ಚಿ ನೋಡಿದಳು, ಶುಗರ್ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಪುಡಿಯನ್ನು ನೀರಿಗೆ ಸುರಿದು ಕಲಕಿ, ಲೋಟವನ್ನು ತಾನೇ ಹಿಡಿದು ಕುಡಿಸಿದಳು. "ಪೂರ್ತಿ ಕುಡೀರಿ. ಮಾತಾಡ್ಬೇಡಿ." ಕುಡಿಸುತ್ತಲೇ ವ್ಯಾನಿನ ಕೀ ತೆಗೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಕಿಟಕಿಗಳ ತುಂಬ ಮಕ್ಕಳ ಮುಖ. ಒಂದು ಪುಟ್ಟ ಹುಡುಗಿ, "ಮಾಮ ಸತ್ತೋಗ್ತಾರಾ?" ಎಂದು ಕೇಳಿ ಅಳತೊಡಗಿದಳು.

"ಇಲ್ಲ ಚಿನ್ನಾ, ಮಾಮಂಗೆ ಹೊಟ್ಟೆ ಹಸಿದಿದೆ ಅಷ್ಟೆ. ಯಾರೂ ಕೆಳಗಿಳೀಬೇಡಿ" ಎಂದು ಕೂಗಿ ಹೇಳಿ, ಅವಳು ಶಾಲೆಗೆ ಫೋನ್ ಮಾಡಿದಳು. ಇನ್ನೊಬ್ಬ ಡ್ರೈವರು ಬರುವಷ್ಟರಲ್ಲಿ ವ್ಯಾನ್ ಮಾಮನ ನಡುಕ ನಿಂತಿತ್ತು. ಮತ್ತೊಮ್ಮೆ ಪರೀಕ್ಷಿಸಿ, ಬಿಸ್ಕತ್ತು ತಿನ್ನಿಸಿದಳು. ಆತ ತಲೆ ತಗ್ಗಿಸಿ ತಿಂದ.

"ಮಕ್ಕಳು ಗಾಡಿಲಿದ್ರು" ಎಂದ.

"ನಿಲ್ಲಿಸಿದ್ರಲ್ಲ ಮಾಮ. ಆದೀತು, ಶಾಲೆ ತಲುಪಿಸಿಬಿಡೋಣ ಅಂತ ಹೋಗ್ಲಿಲ್ವಲ್ಲ" ಎಂದಳು ಅವಳು.

ಸುದ್ದಿ ತಿಳಿದು ಟೈಲರಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೆಟ್ಟಗಿದ್ದಾನೆ ಎಂದು ಖಾತ್ರಿಯಾದ ಮೇಲೆ ಮೆಡಿಕಲ್ ಅಕ್ಕನ ಕಡೆ ತಿರುಗಿದಳು.

"ಒಂದು ಕಡೆ ಚುಚ್ಚಿದ್ರೂ ತಪ್ಪು, ಇನ್ನೊಂದು ಕಡೆ ಚುಚ್ಚಿದ್ರೂ ತಪ್ಪು. ಇನ್ನೆಲ್ಲಿ ಚುಚ್ಚಲಿ ಮೇಡಂ?"

ತಂಗಿ ಹೋಗಿ ಮೇಡಂ ಆಗಿತ್ತು. ಮೆಡಿಕಲ್ ಅಕ್ಕನಿಗೆ ಅದು ಚುರುಕ್ಕೆಂದಿತು. ಈಗಲೇ ಬದಲಾಯಿಸ್ಬೇಡಿ ಅಂದಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ನಿಂತವಳ ಬರಿಗಾಲು ನೋಡಿ ನುಂಗಿಕೊಂಡಳು. ಬೆವೆತ ಹಣೆ, ಬಾಯಿಗೆ ಅಡ್ಡ ಹಿಡಿದ ಸೆರಗು. ಇವಳಿಗೆ ಈಗ ಬೇಕಾದ್ದು ತೀರ್ಪಲ್ಲ.

"ಕೂತ್ಕೊಳ್ಳಿ ಅಕ್ಕ" ಎಂದಳು. "ನಿಮ್ಮ ಕೈಯಲ್ಲಿ ತಪ್ಪಿಲ್ಲ. ಜಾಗ ಬದಲಾಯಿಸ್ತಾ ಇರ್ಬೇಕು ಅಂತ ಮೊದಲನೇ ದಿನವೇ ಯಾರಾದ್ರೂ ಬಿಡಿಸಿ ಹೇಳಬೇಕಿತ್ತು. ಇಲ್ಲೇ ಇರಿ, ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡ್ತೀನಿ, ನೀವೂ ಕೇಳಿಸ್ಕೊಳ್ಳಿ."

ಡಾಕ್ಟರು ಸಾವಧಾನವಾಗಿ ಕೇಳಿದರು. ಡೋಸನ್ನು ಸಾಕಷ್ಟು ತಗ್ಗಿಸಿದರು. ಕೆಲವು ದಿನ ವ್ಯಾನು ಮುಟ್ಟುವಂತಿಲ್ಲ, ದಿನಾ ಶುಗರ್ ನೋಡಿ ತಮಗೆ ತಿಳಿಸಬೇಕು ಎಂದರು. ಕೊನೆಗೆ, "ಪಾಪ, ಅವರಿಗೆ ಸುಮ್ಮನೆ ಬೈದೆ. ಬಂದಾಗ ನಾನೇ ಹೇಳ್ತೀನಿ" ಎಂದರು. ಅದನ್ನು ಕೇಳಿದಾಗಲೇ ಟೈಲರಮ್ಮನ ಕಣ್ಣೀರು ಕಟ್ಟೆಯೊಡೆದದ್ದು. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟು, "ಏ, ಜನ ನೋಡ್ತಾರೆ ಕಣೇ" ಎಂದ.

ಆ ರಜೆಯ ದಿನಗಳಲ್ಲಿ ವ್ಯಾನ್ ಮಾಮ ಒಂದು ಕೆಲಸ ಮಾಡಿದ. ಮೆಡಿಕಲ್ ಅಕ್ಕನ ಬಳಿ ಕೂತು ಇನ್ಸುಲಿನ್ ಪೆನ್ನನ್ನು ಹಿಡಿಯುವುದು ಕಲಿತ. ಹೆಂಡತಿಯ ಮೇಲೆ ಇಷ್ಟು ಭಾರ ಹೊರಿಸಿ ತಾನು ಕಣ್ಣು ಮುಚ್ಚಿ ನಿಂತಿದ್ದೆನಲ್ಲ ಎಂದು ಅವನಿಗೆ ಅನಿಸಿತ್ತು. ಮೊದಲ ಸಲ ತಾನೇ ಚುಚ್ಚಿಕೊಳ್ಳುವಾಗ ಉಸಿರು ಬಿಗಿಹಿಡಿದು, ಕಣ್ಣು ಬಿಟ್ಟೇ ಇದ್ದ. ಮನೆಗೆ ಹೋಗಿ ಸಂಭ್ರಮದಿಂದ ಹೇಳಿದರೆ ಟೈಲರಮ್ಮ ಮುಖ ಊದಿಸಿಕೊಂಡಳು.

"ಓಹೋ. ಇನ್ನು ನನ್ನ ಕೈ ಬೇಡ ಅಂತ."

"ಅಯ್ಯೋ, ಹಾಗಲ್ವೇ..."

ಪಂಚಾಯಿತಿ ಅಂಗಡಿಗೆ ಬಂತು. "ಬೆಳಿಗ್ಗೆದು ಮಾಮ, ರಾತ್ರಿದು ಅಕ್ಕ" ಎಂದು ಮೆಡಿಕಲ್ ಅಕ್ಕ ತೀರ್ಮಾನ ಮಾಡಿದಳು. "ಆದ್ರೆ ಎಲ್ಲಿ ಚುಚ್ಬೇಕು ಅನ್ನೋದನ್ನ ಇಬ್ಬರೂ ಮೊದಲೇ ಮಾತಾಡ್ಕೊಳ್ಳಿ. ಆ ಉಬ್ಬಿನ ಜಾಗಕ್ಕೆ ಮಾತ್ರ ಪೂರ್ತಿ ರಜೆ."

ಆ ಸಂಜೆ ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಬಣ್ಣದ ಸೀಮೆಸುಣ್ಣ ತಂದು ಗಂಡನ ಹೊಟ್ಟೆಯ ಮೇಲೆ, ತೊಡೆಯ ಮೇಲೆ ಚೌಕ ಚೌಕ ಗೆರೆ ಎಳೆದಳು. ಈ ವಾರ ಈ ಚೌಕ, ಮುಂದಿನ ವಾರ ಅದು. ಮರುದಿನ ಅದನ್ನು ಮೆಡಿಕಲ್ ಅಕ್ಕನಿಗೆ ತೋರಿಸಲು ಆತ ಅಂಗಿ ಎತ್ತಿದಾಗ ಅವಳು ನಕ್ಕು ನಕ್ಕು ಕೌಂಟರಿಗೆ ಒರಗಿದಳು.

"ಅಕ್ಕ, ಇದೇನು ಕೋಟು ಹೊಲಿಯೋಕೆ ಹೊರಟಿದೀರಾ?"

"ನಗು ತಂಗಿ, ನಗು. ಬಟ್ಟೆ ಆದ್ರೆ ಒಂದೇ ಕಡೆ ಅಷ್ಟು ಸಲ ಸೂಜಿ ಚುಚ್ತಿದ್ನಾ ನಾನು? ಎಳೆಯೇ ಬಿಟ್ಟುಹೋಗ್ತಿತ್ತು. ಮನುಷ್ಯರ ಮೈಗೂ ಹಾಗೇ ಅಂತ ಯೋಚನೆನೇ ಮಾಡ್ಲಿಲ್ಲ."

ಶುಗರ್ ನಿಧಾನವಾಗಿ ಹದಕ್ಕೆ ಬಂತು. ಡಾಕ್ಟರು ಒಪ್ಪಿದ ಮೇಲೆ ವ್ಯಾನ್ ಮಾಮ ಮತ್ತೆ ಗಾಡಿ ಹತ್ತಿದ. ಎಲ್ಲವೂ ಮೊದಲಿನಂತೆ ಆಗಲಿಲ್ಲ. ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸಿದ್ದರು. ಅವರನ್ನು ದೂರಬೇಡ ಎಂದು ಆತ ಹೆಂಡತಿಗೆ ಹೇಳಿದ, "ನನ್ನ ಮಗು ಆಗಿದ್ರೆ ನಾನೂ ಹಾಗೇ ಮಾಡ್ತಿದ್ದೆ."

ಈಗ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಆತ ಸೀಟಿನಲ್ಲಿ ಕೂತು ಬೆರಳು ಚುಚ್ಚಿ ಶುಗರ್ ನೋಡುತ್ತಾನೆ. ಮೊದಲು ಹತ್ತುವ ಮಕ್ಕಳು ಕತ್ತು ಚಾಚಿ ಕಾಯುತ್ತಾರೆ.

"ಮಾಮ, ಪಾಸಾ?"

ಆತ ಮೀಟರಿನ ಪರದೆಯನ್ನು ಅವರತ್ತ ತಿರುಗಿಸುತ್ತಾನೆ. ಅವತ್ತು ಅಳುತ್ತಿದ್ದ ಪುಟ್ಟ ಹುಡುಗಿ ಅಂಕಿಯನ್ನು ಗಟ್ಟಿಯಾಗಿ ಓದಿ, "ಪಾಸು, ಹೋಗ್ಬಹುದು" ಎನ್ನುತ್ತಾಳೆ. ಆಮೇಲೆ ಕೀ ತಿರುಗುತ್ತದೆ.