ಕುಣಿಗಲ್ಲಿನಿಂದ ತಂದ ಕಂಪ್ರೆಸರ್

ಮಹಾದೇವಯ್ಯನ ಸೌಂಡ್ ಸೆಟ್ಟಿನಲ್ಲಿ ದನಿಯ ಏರಿಳಿತವನ್ನು ಹದಕ್ಕೆ ತರುವ ಕಂಪ್ರೆಸರ್ ಇರಲಿಲ್ಲ. ಮೂವತ್ತನಾಲ್ಕು ವರ್ಷ ಅದಿಲ್ಲದೆಯೇ ನಡೆದಿತ್ತು. ಈಗ ಮರಳೂರಿನ ಅಂಗಡಿ ಮುಂದೆ, ಸ್ಕೂಟರ್ ಆಫ್ ಮಾಡುವುದಕ್ಕೂ ಪುರುಸೊತ್ತಿಲ್ಲದವನಂತೆ ನಿಂತುಕೊಂಡು ಗೂಳೂರು ಮಠದ ಗುರುಸಿದ್ದಯ್ಯ ಹೇಳುತ್ತಿದ್ದ ದೂರೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮಠದಲ್ಲಿ ಶ್ರಾವಣದ ಪ್ರವಚನ ಶುರುವಾಗಿ ಐದು ದಿನವಾಗಿತ್ತು. ಶಾಸ್ತ್ರಿಗಳು ಕತೆಯ ನಡುವೆ ದನಿ ತಗ್ಗಿಸಿದರೆ ಹಿಂದೆ ಕೂತವರಿಗೆ ಒಂದಕ್ಷರ ಕೇಳುವುದಿಲ್ಲ. ಏರಿಸಿದರೆ ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ. ನಿನ್ನೆ ಇಬ್ಬರು ತಾಯಂದಿರು ಅಳುವ ಮಕ್ಕಳನ್ನು ಎತ್ತಿಕೊಂಡು ಎದ್ದೇ ಹೋದರಂತೆ.

"ಹತ್ತೊಂಬತ್ತು ವರ್ಷದಿಂದ ನಿಮ್ದೇ ಸೆಟ್ಟು. ನಾನಾಗಿ ಬೇರೇರ್ನ ಕರೆಯೋನಲ್ಲ" ಎಂದ ಗುರುಸಿದ್ದಯ್ಯ. "ಆದ್ರೆ ಕಮಿಟಿ ಹುಡುಗ್ರು ಸುಮ್ಕಿರಲ್ಲ, ಸಿಟಿ ಸೆಟ್ಟು ತರಿಸ್ತೀವಿ ಅಂತವ್ರೆ. ಸೋಮ್ವಾರದೊಳಗೆ ಸರಿ ಮಾಡ್ಬುಡಿ ಮಾದೇವಯ್ನೋರೆ."

ಮಹಾದೇವಯ್ಯ ಎಲ್ಲಕ್ಕೂ ತಲೆ ಆಡಿಸಿದ. ಸ್ಕೂಟರ್ ತಿರುವಿನಲ್ಲಿ ಮರೆಯಾದ ಮೇಲೆ ಮಗಳ ಕಡೆ ತಿರುಗಿ, ಏನಂದ ಎಂದು ಕೇಳಿದ. ದೀಪಿಕಾ ಎಲ್ಲವನ್ನೂ ಮತ್ತೆ ಹೇಳಿದಳು. ಸ್ಕೂಟರ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡಳು.

ಅವಳು ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಅಪ್ಪನ ಜೊತೆಗಿದ್ದಳು. ಪ್ರವಚನವನ್ನು ರೆಕಾರ್ಡ್ ಮಾಡಿ ಮಠದ ಯೂಟ್ಯೂಬಿಗೆ ಹಾಕುವುದು ಅವಳ ಕೆಲಸ. ಗೂಳೂರು ಕೈತಪ್ಪಿದರೆ ಏನಾಗುತ್ತದೆ ಎಂದು ಯಾರೂ ಅವಳಿಗೆ ಹೇಳಬೇಕಿರಲಿಲ್ಲ. ಎರಡು ಹಾರನ್ ಸ್ಪೀಕರ್, ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಅಪ್ಪನನ್ನು ದೊಡ್ಡ ಸೆಟ್ಟಿನವನು ಎಂದು ನಾಲ್ಕು ಊರು ಒಪ್ಪಿಕೊಂಡದ್ದು ಆ ಮಠ ಕರೆದ ಮೇಲೆ. ಆ ಋಣಕ್ಕೆ ಅವನು ಶ್ರಾವಣ ಪೂರ್ತಿ ಅಲ್ಲಿ ಅರ್ಧ ಬಾಡಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದ. ಅಲ್ಲಿಂದಲೇ ಬೇಡ ಎನಿಸಿಕೊಂಡರೆ ಅವನು ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಮತ್ತೆ ಕೂರುವ ಮನುಷ್ಯನಲ್ಲ.

"ದನಿ ಜೋರಾದಾಗ ಅದು ತಾನೇ ಅದುಮುತ್ತೆ ಅಪ್ಪಾ. ಆಮೇಲೆ ಒಟ್ಟಾರೆ ಎತ್ಕೊಂಡ್ರೆ ಮೆತ್ತಗಿರೋದೂ ಹಿಂದೆಗಂಟ ಕೇಳುತ್ತೆ" ಎಂದು ಅವಳು ವಿವರಿಸಿದಳು.

"ಅದ್ನ ಇಷ್ಟ್ ದಿನ ನನ್ನ ಬೆರಳು ಮಾಡ್ತಿರ್ಲಿಲ್ವಾ?"

ಮಾಡುತ್ತಿತ್ತು, ಸುಳ್ಳಲ್ಲ. ಭಾಷಣಕಾರ ಉಸಿರು ಎಳೆದುಕೊಂಡ ರೀತಿಯಲ್ಲೇ ಮುಂದೆ ಕೂಗುತ್ತಾನೋ ಪಿಸುಗುಟ್ಟುತ್ತಾನೋ ತಿಳಿದು ಮಹಾದೇವಯ್ಯನ ಹೆಬ್ಬೆರಳು ಮೊದಲೇ ಸರಿಯುತ್ತಿತ್ತು. ಈಚೆಗೆ ಆ ಬೆರಳು ತಡವಾಗುತ್ತಿತ್ತು. ಐವತ್ತೆಂಟು ವಯಸ್ಸು, ಆಗುತ್ತೆ, ಎಂದು ಅವಳು ಬಿಟ್ಟಿದ್ದಳು.

ತುಮಕೂರಿನ ಅಂಗಡಿಯಲ್ಲಿ ಹೊಸದೊಂದನ್ನು ತೋರಿಸಿದರು. ಒಂದೇ ಚಾನೆಲ್. ಇವರಿಗೆ ಎರಡು ಬೇಕಿತ್ತು, ಸಭೆಗೆ ಕೇಳಿಸುವ ಸ್ಪೀಕರ್ ಬಾಕ್ಸುಗಳಿಗೆ ಒಂದು, ರೆಕಾರ್ಡಿಂಗಿಗೆ ಒಂದು. ಬಾಕ್ಸಿಗೆ ಹೋಗುವ ದನಿಯನ್ನು ಗಬಕ್ಕನೆ ಹಿಡಿಯಬೇಕು, ಇಲ್ಲದಿದ್ದರೆ ಒಂದು ಕೂಗಿಗೆ ಅದರೊಳಗಿನ ಹಾರನ್ ಸುಟ್ಟುಹೋಗುತ್ತದೆ. ರೆಕಾರ್ಡಿಂಗಿಗೆ ಅದೇ ಹಿಡಿತ ಹಿಡಿದರೆ ಶಾಸ್ತ್ರಿಗಳ ಉಸಿರು ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತದೆ. ಅಲ್ಲಿ ಮೆಲ್ಲಗೆ ಹಿಡಿದು ಮೆಲ್ಲಗೆ ಬಿಡಬೇಕು. ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಲು ಬರುವ, ಕೈಗೆಟಕುವ ಪೆಟ್ಟಿಗೆ ಹೊಸದರಲ್ಲಿ ಸಿಗಲಿಲ್ಲ.

ಗುಬ್ಬಿಯಲ್ಲಿ ನಾಟಕದ ಕಂಟ್ರಾಕ್ಟರ್ ಒಬ್ಬ ಹಳೆಯದನ್ನು ಮಾರುತ್ತಾನೆಂದು ಕೇಳಿ ಅಲ್ಲಿಗೂ ಹೋದರು. ಪೆಟ್ಟಿಗೆ ನೋಡಲು ಥಳಥಳ ಇತ್ತು. ಆನ್ ಮಾಡಿದೊಡನೆ ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಸುಯ್ಯೆಂದು ಒಂದೇ ಸಮ ಸದ್ದು. ದೀಪಿಕಾ ಬೇಡವೆಂದು ತಲೆ ಅಲ್ಲಾಡಿಸಿದಳು. ಮಹಾದೇವಯ್ಯ ಮಾತ್ರ, ಚೆನ್ನಾಗೇ ಐತಲ್ಲ, ಇದಕ್ಕೇನು ರೋಗ ಎಂದ. ಅಪ್ಪನ ಜುಗ್ಗತನ ಎಂದು ಅವಳಿಗೆ ಸಿಟ್ಟು ಬಂತು.

ಭಾನುವಾರ ಕುಣಿಗಲ್ಲಿಗೆ ಹೋದರು. ಬೆಟ್ಟಯ್ಯ ಒಂದು ಕಾಲಕ್ಕೆ ಆ ಕಡೆಯ ದೊಡ್ಡ ಸೆಟ್ಟಿನವನು, ಮಹಾದೇವಯ್ಯನಿಗಿಂತ ಹತ್ತು ವರ್ಷ ಹಿರಿಯ. ಮಂಡಿನೋವೆಂದು ಆರು ವರ್ಷದ ಹಿಂದೆ ಕೆಲಸ ಬಿಟ್ಟಿದ್ದ. ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಅವನ ಸಾಮಾನು ಟಾರ್ಪಾಲಿನ ಕೆಳಗೆ ಅಚ್ಚುಕಟ್ಟಾಗಿ ಮಲಗಿತ್ತು. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು ಅವನು ಎರಡು ಕಂಪ್ರೆಸರ್ ಹೊರಗೆ ತೆಗೆದ. ಒಂದು ಭಾರದ್ದು, ಗುಂಡಿ ಮುರಿದದ್ದು. ಇನ್ನೊಂದು ತೆಳುವಾದದ್ದು, ಎರಡು ಚಾನೆಲ್ಲಿನದು, ಉದ್ದಕ್ಕೂ ಸಾಲಾಗಿ ಕೆಂಪು ದೀಪಗಳು.

ಬಾಯಲ್ಲಿ ಹೇಳಿದರೆ ತಿಳಿಯುವ ವಿಷಯವಲ್ಲ, ಕೇಳಿ ತಗೊಳ್ಳಿ ಎಂದು ಬೆಟ್ಟಯ್ಯ ಹೇಳಿದ. ದೀಪಿಕಾಳ ಲ್ಯಾಪ್‌ಟಾಪಿನಿಂದ ನಿನ್ನೆಯ ಪ್ರವಚನವನ್ನೇ ಸಣ್ಣ ಮಿಕ್ಸರಿಗೆ, ಅಲ್ಲಿಂದ ಕಂಪ್ರೆಸರಿಗೆ, ಅಲ್ಲಿಂದ ಒಂದು ಬಾಕ್ಸಿಗೆ ಕೊಟ್ಟ. ಮಹಾದೇವಯ್ಯ ಅಭ್ಯಾಸದಂತೆ ಬಾಕ್ಸಿನ ಪಕ್ಕ ಕೂತು ಅದರ ಜಾಲರಿಯ ಮೇಲೆ ಅಂಗೈ ಇಟ್ಟ. ಕೆಲವು ವರ್ಷದಿಂದ ಅವನು ಎಲ್ಲ ಬಾಕ್ಸನ್ನೂ ಹೀಗೆಯೇ ಪರೀಕ್ಷೆ ಮಾಡುತ್ತಿದ್ದ. ನೋಡಿದವರು ಇದು ಅನುಭವಸ್ಥರ ರೀತಿ ಎನ್ನುತ್ತಿದ್ದರು.

"ಕೈ ತಗಿ ಮಾದೇವಯ್ಯ" ಎಂದ ಬೆಟ್ಟಯ್ಯ. "ಬಾಕ್ಸಿಗೇನು ಜ್ವರ ಬಂದೈತಾ, ಹಂಗೆ ಮುಟ್ಕಂಡ್ ಕೂತಿದೀಯ? ಅಗೋ, ಆ ಸ್ಟೂಲ್ ಮೇಲೆ ಕೂತ್ಕ."

ಮಹಾದೇವಯ್ಯ ನಗುತ್ತಾ ಎದ್ದು ಹೋಗಿ ಕೂತ. ಬೆಟ್ಟಯ್ಯ ತೆಳು ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸಿದ. ಶಾಸ್ತ್ರಿಗಳ ಪಿಸುಮಾತು ಹತ್ತಿರ ಬಂತು, ಕೂಗು ಒಂದು ಹೆಜ್ಜೆ ಹಿಂದೆ ಸರಿಯಿತು. ದೀಪಿಕಾಳ ಹೆಗಲು ತಾನಾಗಿ ಸಡಿಲವಾಯಿತು. ಇಷ್ಟು ದಿನ ಇದನ್ನೇ ಹುಡುಕುತ್ತಿದ್ದಳು. ಆಮೇಲೆ ಬೆಟ್ಟಯ್ಯ ಏನೂ ಹೇಳದೆ ಬೈಪಾಸ್ ಗುಂಡಿ ಒತ್ತಿದ. ಸಾಲು ದೀಪ ಆರಿದವು. ಪೆಟ್ಟಿಗೆ ಈಗ ಏನೂ ಮಾಡುತ್ತಿರಲಿಲ್ಲ. ಪಿಸುಮಾತು ಮತ್ತೆ ಮುಳುಗಿತು, ಕೂಗು ಮತ್ತೆ ಚುಚ್ಚಿತು.

"ಈಗ?"

"ಹ್ಞಾ, ಈಗ ಸರಿಹೋಯ್ತು ನೋಡು. ಇದೇ ಇರ್ಲಿ" ಎಂದ ಮಹಾದೇವಯ್ಯ.

ಬೆಟ್ಟಯ್ಯ ಮಿಕ್ಸರಿನಲ್ಲಿ ಮೇಲಿನ ಸ್ವರಗಳನ್ನು ಏರಿಸಿ ಇಳಿಸುವ ಟ್ರೆಬಲ್ ಗುಂಡಿಯನ್ನು ಹಿಡಿದು ನಿಧಾನವಾಗಿ, ಪೂರ್ತಿ ಕೆಳಕ್ಕೆ ತಿರುಗಿಸಿದ. ಶಾಸ್ತ್ರಿಗಳ ಮೇಲೆ ಯಾರೋ ಕಂಬಳಿ ಹೊದಿಸಿದಂತಾಯಿತು. ಸಕಾರ ಶಕಾರಗಳು ಅಳಿಸಿಹೋದವು. ಏನಾದರೂ ವ್ಯತ್ಯಾಸ ಆಯಿತೇ ಎಂದು ಬೆಟ್ಟಯ್ಯ ಕೇಳಿದ. ಏನಿಲ್ಲ, ಅದೇ ಐತೆ, ಎಂದ ಮಹಾದೇವಯ್ಯ. ಅವನು ನೇರವಾಗಿ, ಗಮನವಿಟ್ಟು, ಪರೀಕ್ಷೆಗೆ ಕೂತ ಹುಡುಗನಂತೆ ಕೂತಿದ್ದ.

ಬೆಟ್ಟಯ್ಯ ಒಂದು ಕ್ಷಣ ದೀಪಿಕಾಳನ್ನು ನೋಡಿದ. ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದು, ಎಲ್ಲ ಆಫ್ ಮಾಡಿ, ಟೀಗೆ ಹೇಳಿದ. ದೀಪಿಕಾಳಿಗೆ ಗುಬ್ಬಿಯ ಪೆಟ್ಟಿಗೆಯ ಸುಯ್ ಎಂಬ ಸದ್ದು ನೆನಪಾಯಿತು. ಅಪ್ಪ ಫೋನ್ ಬಂದಾಗಲೆಲ್ಲ ಅಮ್ಮನ ಕೈಗೆ ಕೊಡುತ್ತಿದ್ದುದೂ, ವರ್ಷ ವರ್ಷಕ್ಕೆ ಟ್ರೆಬಲ್ ಏರಿಸುತ್ತಲೇ ಹೋದದ್ದೂ.

ಟೀ ಕುಡಿದಾದ ಮೇಲೆ ಬೆಟ್ಟಯ್ಯ ಲೋಟ ಕೆಳಗಿಟ್ಟು, ಶೆಡ್ಡಿನ ನಡುವೆ ನಿಂತು, ಕೈ ಎಲ್ಲೂ ಊರದೆ ಕುಕ್ಕರಗಾಲಲ್ಲಿ ಕೂತ. ಎದ್ದ. ಮತ್ತೆ ಕೂತ. ಮತ್ತೆ ಎದ್ದ.

"ಏನ್ ಬೆಟ್ಟಣ್ಣ, ಮಂಡಿನೋವು ಅಂದಿದ್ದೆ" ಎಂದ ಮಹಾದೇವಯ್ಯ.

"ಮಂಡಿ ಕಲ್ಲು ಇದ್ದಂಗವೆ."

"ಮತ್ಯಾಕೆ ಕೆಲ್ಸ ಬುಟ್ಟೆ?"

ಬೆಟ್ಟಯ್ಯ ತಲೆಯ ಟವೆಲ್ ಬಿಚ್ಚಿದ. ಕಿವಿಯ ಹಿಂದಿನಿಂದ ಮೈಬಣ್ಣದ ಸಣ್ಣ ಮಿಷಿನ್ನೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ಇದ್ನ ಹಾಕ್ಕಂಡು ಮಿಕ್ಸರ್ ಮುಂದೆ ಕೂತ್ರೆ ಜನ ನಗ್ತಾರೆ ಅಂತ ಮಂಡಿ ಮೇಲೆ ಹಾಕ್ದೆ. ಈಗ್ಲೂ ಅಷ್ಟೆ ಕಣೋ, ಇಷ್ಟೊತ್ತು ದೀಪ ನೋಡ್ಕಂಡೇ ತಿರುಗಿಸ್ತಿದ್ದೆ."

ಮಹಾದೇವಯ್ಯ ಅಂಗೈ ನೋಡಿದ. ಮುಖದ ನಗು ಹೋಗಿತ್ತು. ಇದಕ್ಕೆಷ್ಟು ಎಂದು ತೆಳು ಪೆಟ್ಟಿಗೆ ತೋರಿಸಿ ಕೇಳಿದ. ಬೆಟ್ಟಯ್ಯ ಹೇಳಿದ ರೇಟು ಸಿಟಿ ಅಂಗಡಿಯದರ ಅರ್ಧವೂ ಇರಲಿಲ್ಲ. ಜೊತೆಗೆ ನಾಲ್ಕು ಕೇಬಲ್ ಸುತ್ತಿಕೊಟ್ಟ. ಯಾವ ಗುಂಡಿ ಎಲ್ಲಿರಬೇಕೆಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟ. ಅಪ್ಪ ಗಾಡಿ ತಿರುಗಿಸುತ್ತಿದ್ದಾಗ ಅವಳ ಹತ್ತಿರ ಬಂದು, "ಕಿವಿ ವಿಷ್ಯ ನಾಕು ಜನರ ಮುಂದೆ ಹೇಳ್ಬ್ಯಾಡ ಕಣವ್ವ, ತಾನಾಗೇ ಬರ್ಲಿ" ಎಂದ. ದೀಪಿಕಾ ಬಗ್ಗಿ ಅವನ ಕಾಲು ಮುಟ್ಟಿದಳು. ಹಾಗೆ ಮಾಡುವ ಅಭ್ಯಾಸ ಅವಳಿಗಿರಲಿಲ್ಲ.

ದಾರಿಯಲ್ಲಿ ಅವಳು ಲೆಕ್ಕ ಹಾಕಿದ್ದು ಪೆಟ್ಟಿಗೆಯ ರೇಟನ್ನಲ್ಲ. ಹನ್ನೆರಡು ವರ್ಷದವಳಿದ್ದಾಗ ಅಪ್ಪ ಛತ್ರಗಳಲ್ಲಿ ಅವಳ ಕಣ್ಣು ಕಟ್ಟಿ, ಎಂಟು ಫ್ಯಾನುಗಳಲ್ಲಿ ಯಾವುದರ ಬೇರಿಂಗ್ ಹೋಗಿದೆ ಹೇಳು ಎನ್ನುತ್ತಿದ್ದ. ತಪ್ಪಿದರೆ ಮತ್ತೆ. ಸರಿಯಾದರೆ ಒಂದು ಬಾದಾಮಿ ಹಾಲು. ಅವಳಿಗೆ ಇವತ್ತು ಶೆಡ್ಡಿನಲ್ಲಿ ಕೇಳಿಸಿದ್ದೆಲ್ಲ ಅವನು ಕೊಟ್ಟದ್ದು.

ಸೋಮವಾರ ಸಂಜೆ ಗೂಳೂರಿನಲ್ಲಿ ಪೆಟ್ಟಿಗೆ ಕೂರಿಸಿದರು. ಅವಳು ಚೀಟಿಯಂತೆಯೇ ಎಲ್ಲ ಇಟ್ಟಳು. ಮೊದಲ ಅರ್ಧ ಗಂಟೆ ಪ್ರವಚನ ಸೊಗಸಾಗಿ ಸಾಗಿತು. ಕಂಬದ ಹತ್ತಿರದ ಮುದುಕಿಯರು ಮುಂದಕ್ಕೆ ಬಾಗದೆ ಕೂತು ಕೇಳುತ್ತಿದ್ದರು. ಅವಳು ರೆಕಾರ್ಡಿಂಗ್ ಕಡೆ ತಿರುಗಿದಳು. ಮಹಾದೇವಯ್ಯ ಅಷ್ಟರಲ್ಲಿ ತನ್ನ ಕಿವಿಗೆ ಮಂಕಾಗಿ ಕೇಳಿಸಿದ್ದನ್ನು ತಿದ್ದಲು ಟ್ರೆಬಲ್ಲನ್ನು ಎಂದಿನ ಜಾಗಕ್ಕೆ, ಪೂರ್ತಿ ಮೇಲಕ್ಕೆ, ಏರಿಸಿದ.

ಶಾಸ್ತ್ರಿಗಳು ಕತೆಯ ಬಿಗಿಯಾದ ಜಾಗದಲ್ಲಿ ಮಾತು ನಿಲ್ಲಿಸಿ ಸಭೆಯನ್ನು ನೋಡಿದರು. ಮೌನ ಬಂದೊಡನೆ ಕಂಪ್ರೆಸರ್ ಹಿಡಿತ ಬಿಟ್ಟಿತು, ಸಣ್ಣ ಸದ್ದೂ ದೊಡ್ಡದಾಯಿತು. ಮೈಕು ಬಾಕ್ಸಿನ ದನಿಯನ್ನೇ ಹಿಡಿದು ತಿರುಗಿ ಬಾಕ್ಸಿಗೆ ಕೊಟ್ಟಿತು. ತೆಳ್ಳನೆಯ ಒಂದು ಸೀಟಿ ಹುಟ್ಟಿ ಬೆಳೆಯತೊಡಗಿತು. ಮುಂದಿನ ಸಾಲು ಪೂರ್ತಿ ಕಿವಿಗೆ ಕೈ ಕೊಟ್ಟಿತು. ಶಾಸ್ತ್ರಿಗಳು ಮುಖ ಕಿವಿಚಿದರು. ಮಹಾದೇವಯ್ಯ ಕೈಕಟ್ಟಿಕೊಂಡು, ಶಾಂತವಾಗಿ, ಮುಂದಿನ ಮಾತಿಗೆ ಕಾಯುತ್ತಿದ್ದ.

ದೀಪಿಕಾ ಹಾರಿ ಬಂದು ಟ್ರೆಬಲ್ ಗುಂಡಿ ಹಿಡಿದಳು. ಅವನ ಕೈ ಅವಳ ಕೈ ಮೇಲೆ ಬಿತ್ತು.

"ಮುಟ್ಬ್ಯಾಡ, ಸರಿಯಾಗೈತೆ."

"ಅಪ್ಪಾ, ಕೂಗ್ತಿದೆ" ಎಂದಳು ಅವಳು, ಮೆಲ್ಲಗೆ.

"ಏನು?"

ಅವನು ಅವಳ ತುಟಿ ನೋಡಿದ. ತಲೆ ಎತ್ತಿ ಮುಂದಿನ ಸಾಲಿನ ಹೆಂಗಸರನ್ನು ನೋಡಿದ, ಶಾಸ್ತ್ರಿಗಳನ್ನು ನೋಡಿದ, ಎದ್ದು ನಿಂತಿದ್ದ ಗುರುಸಿದ್ದಯ್ಯನನ್ನು ನೋಡಿದ. ಎಲ್ಲರ ಬಾಯಿ ಮುಚ್ಚಿತ್ತು, ಎಲ್ಲರ ಕೈ ಕಿವಿಯ ಮೇಲಿತ್ತು. ಅವನ ಕೈ ಗುಂಡಿಯಿಂದ ಜಾರಿತು. ಅವಳು ಟ್ರೆಬಲ್ ಇಳಿಸಿದಳು, ಕಂಪ್ರೆಸರಿನಲ್ಲೂ ಕೊಂಚ ತಗ್ಗಿಸಿದಳು. ಸೀಟಿ ಸತ್ತಿತು. ಮಹಾದೇವಯ್ಯ ಬೆಂಚಿನಿಂದ ಏಳಲಿಲ್ಲ. ಒಂದು ಬದಿಗೆ ಸರಿದು ಜಾಗ ಬಿಟ್ಟ. ಮಂಗಳ ಆಗುವವರೆಗೂ ಅವಳು ಗುಂಡಿಗಳ ಮುಂದೆ ಕೂತಳು, ಅವನು ಕೆಂಪು ದೀಪಗಳನ್ನು ನೋಡುತ್ತಾ ಕೂತ.

ಪ್ರಸಾದ ಹಂಚುವಾಗ ಗುರುಸಿದ್ದಯ್ಯ ಬಂದ. ನಡುವೆ ಒಂದು ಸಲ ಕಿರುಚಿದ್ದು ಬಿಟ್ಟರೆ ಇಷ್ಟು ಚೆನ್ನಾಗಿ ಯಾವ ವರ್ಷವೂ ಕೇಳಿರಲಿಲ್ಲ, ಆ ಮಿಷಿನ್ ತಂದದ್ದು ಒಳ್ಳೆಯದಾಯಿತು, ಇನ್ನು ಸಿಟಿ ಸೆಟ್ಟಿನ ಮಾತೇ ಇಲ್ಲ ಎಂದ. ಮಹಾದೇವಯ್ಯ ಮಗಳ ಕಡೆ ತಿರುಗಿದ. ಅವಳು ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಅದನ್ನೇ ಹೇಳಿದಳು. ಅವನು ಎರಡೂ ಕೈ ಮುಗಿದ, ಮೊದಲು ಗುರುಸಿದ್ದಯ್ಯನಿಗೆ, ಆಮೇಲೆ ಗದ್ದುಗೆಯ ಕಡೆಗೆ.

ಗಾಡಿಯಲ್ಲಿ ಕೂತ ಮೇಲೆ ಕೇಳಿದ. "ಹೆಂಗಿತ್ತು ಅದು? ತೆಳ್ಳಗಾ?"

"ಮೊದ್ಲು ಸೊಳ್ಳೆ ಕಿವಿ ಹತ್ರ ಬಂದಂಗೆ. ಆಮೇಲೆ ವಿಷಲ್ಲು."

ಅವನು ಕೀಲಿ ತಿರುಗಿಸದೆ ಕೂತ. "ಸೊಳ್ಳೆ ಸದ್ದು ಕೇಳಿ ಏಸೋ ವರ್ಷ ಆಯ್ತು ಕಣವ್ವ. ಮರಳೂರಲ್ಲಿ ಸೊಳ್ಳೆ ಕಮ್ಮಿಯಾಗವೆ ಅಂದ್ಕಂಡಿದ್ದೆ."

ಅವಳಿಗೆ ನಗು ಬಂತು, ಅವನಿಗೂ ಬಂತು. ಆಮೇಲೆ, ಬೆಟ್ಟಣ್ಣನಿಗೆ ಫೋನ್ ಹಾಕು ಎಂದ. ಅವಳು ಹಾಕಿಕೊಟ್ಟಳು. ಈ ಸಲ ಅವನು ಫೋನನ್ನು ಯಾರಿಗೂ ದಾಟಿಸಲಿಲ್ಲ. ಅತ್ತ ಕಡೆಯ ಮುದುಕನಿಗೆ ಕೇಳುವಷ್ಟು ಜೋರಾಗಿ, ಮಠದ ಅಂಗಳವೇ ತಿರುಗಿ ನೋಡುವ ಹಾಗೆ, ಉಪಕಾರ ಆಯ್ತು ಬೆಟ್ಟಣ್ಣ, ಯಾವ ಡಾಕ್ಟ್ರ ಹತ್ರ ತೋರಿಸ್ದೆ ಎಂದು ಕೇಳಿದ.

ಶನಿವಾರ ತುಮಕೂರಿನ ಆಸ್ಪತ್ರೆಯ ಸಣ್ಣ ಗಾಜಿನ ಕೋಣೆಯಲ್ಲಿ ಅವನಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗೆ ಕೂತ ದೀಪಿಕಾ ಗಾಜಿನಾಚೆ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಬಹಳ ಹೊತ್ತು ಸುಮ್ಮನಿರುತ್ತಿತ್ತು. ಡಾಕ್ಟರ್ ಹಾಳೆಯ ಮೇಲಿನ ಗೆರೆ ತೋರಿಸಿ, ಮಿಷಿನ್ ಹಾಕಿದರೆ ಮಾತು ಸ್ಪಷ್ಟ ಕೇಳುತ್ತದೆ, ಹೋದದ್ದು ಮಾತ್ರ ವಾಪಸ್ ಬರುವುದಿಲ್ಲ ಎಂದರು. ಬಲಗಡೆ ಜಾಸ್ತಿ ಹೋಗಿದೆ, ಯಾಕೆ ಎಂದು ಕೇಳಿದರು. ಬಾಕ್ಸ್ ಯಾವಾಗಲೂ ಆ ಕಡೆ ಇರುತ್ತಿತ್ತು ಎಂದ ಮಹಾದೇವಯ್ಯ. ಡಾಕ್ಟರಿಗೆ ಕೈಮುಗಿದು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ಓದು ಎಂದು ಹಾಳೆಯನ್ನು ಮಗಳ ಕೈಗೆ ಕೊಟ್ಟ.

ಅವಳು ಅವನ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಓದಿದಳು. ಮೇಲಿನ ಸ್ವರಗಳಲ್ಲಿ ಬಲಗಿವಿಗೆ ಹೋದದ್ದು ಅರವತ್ತೆರಡು ಡೆಸಿಬಲ್, ಎಡಗಿವಿಗೆ ಐವತ್ತೊಂದು.